ನಾಲ್ಕನೆಯ ಗ್ಲಾಸು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಬೈದುಬಿಡು, ತಪ್ಪು ನನ್ನದೇ. ನಾನು ಕ್ಷೇಮ. ಹೋಟೆಲಿನ ಅಡುಗೆಮನೆಗೆ ಈಗ ನಾನೇ ಹಿರಿಯವಳು. ಹೋದ ವಾರ ಯಜಮಾನಿ ಹೊಸದೊಂದು ಬಿಳಿ ವೈನ್ ತರಿಸಿ, "ಇದರ ಜೊತೆ ಯಾವ ತಿಂಡಿ ಒಪ್ಪುತ್ತೆ, ನೀನೇ ಹುಡುಕು" ಎಂದು ನನ್ನ ತಲೆಗೆ ಕಟ್ಟಿದರು. ವೈನಿನ ಗಂಧಗಾಳಿಯೂ ಇಲ್ಲದವಳು ನಾನು! ಕಲಿಸಲು ಒಬ್ಬ ಹಿರಿಯರನ್ನು ಕರೆಸಿದರು. ನಲವತ್ತು ವರ್ಷ ವೈನ್ ರುಚಿ ನೋಡಿ ಹೇಳುವುದೇ ಅವರ ಕೆಲಸವಂತೆ. ಎಲ್ಲರಿಗೂ ಅವರು 'ಮೂಗಿನ ಮೇಷ್ಟ್ರು'.

ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ ಕಿಟಕಿ ಪಕ್ಕದ ಮೇಜಿನಲ್ಲಿ ಪಾಠ. ಮೇಷ್ಟ್ರು ಮೂರು ಗ್ಲಾಸಿಗೆ ಸುರಿಯುತ್ತಿದ್ದರು: ನನಗೊಂದು, ಅವರಿಗೊಂದು, ಖಾಲಿ ಕುರ್ಚಿಯ ಮುಂದೊಂದು. ಮೊದಲ ಗುಟುಕಿಗೇ ಹಲ್ಲು ಜುಮ್ಮೆಂದು ಮುಖ ಕಿವುಚಿದೆ.

"ಹುಳಿ ಅನ್ಬೇಡಮ್ಮ, ಚುರುಕು ಅನ್ನು. ಹಸಿರು ಸೇಬು ಕಚ್ಚಿದ ಹಾಗಿಲ್ವಾ? ನಿಂಬೆಹಣ್ಣು ಎಲ್ಲಿ ಹಿಂಡ್ತೀಯೋ ಅಲ್ಲಿ ಇದನ್ನ ಕೊಡು, ಅಷ್ಟೇ."

ಆ ಒಂದು ಮಾತಿನಿಂದ ದಾರಿ ಸಿಕ್ಕಿತು. ಹುರಿದ ಮೀನಿನ ಜಿಡ್ಡನ್ನು ವೈನ್ ನಾಲಿಗೆಯ ಮೇಲಿಂದ ತೊಳೆದುಬಿಟ್ಟಿತು. ಮೇಕೆ ಹಾಲಿನ ಚೀಸ್ ಜೊತೆ ಸೇರಿ ತಾನೂ ಮೆತ್ತಗಾಯಿತು. ಸಿಹಿ ತಿಂದು ಕುಡಿದರೆ ಮಾತ್ರ ಬರೀ ವಿನೆಗರ್.

ವಿಚಿತ್ರವೆಂದರೆ, ಮೇಷ್ಟ್ರು ಪ್ರತಿ ತಟ್ಟೆಗೂ ಖಾಲಿ ಕುರ್ಚಿಯತ್ತ ಕಿವಿ ಬಾಗಿಸಿ, "ಉಪ್ಪು ಒಂದು ಚಿಟಿಕೆ ಕಮ್ಮಿಯಂತೆ" ಎನ್ನುತ್ತಿದ್ದರು. ತಿಂದು ನೋಡಿದರೆ ನಿಜವಾಗಿಯೂ ಕಮ್ಮಿ. ಮೂರನೆಯ ದಿನ ಒಲೆಯ ಮೇಲೆ ಬೆಣ್ಣೆ ಸೀದು ಊರೆಲ್ಲ ಕಮಟು ವಾಸನೆ. ಅವರಿಗೆ ತಿಳಿಯಲೇ ಇಲ್ಲ. ನಾನು ಬೆರಗಾಗಿ ನೋಡಿದ್ದಕ್ಕೆ ನಕ್ಕರು.

"ಜ್ವರ ಬಂದು ನನ್ನ ಮೂಗು ಸತ್ತು ಆರು ವರ್ಷ ಆಯ್ತಮ್ಮ. ಅದೇ ವರ್ಷ ನನ್ನ ಹೆಂಡ್ತೀನೂ ಹೋದ್ಲು. ಈಗ ಅವಳೇ ರುಚಿ ನೋಡಿ ಹೇಳ್ತಾಳೆ."

ಆಗ ನೋಡಿದೆ, ಅಕ್ಕ. ಯಾರೂ ಮುಟ್ಟದ ಆ ಗ್ಲಾಸಿನ ಅಂಚಿನಲ್ಲಿ ಉಸಿರು ತಾಗಿದಂತೆ ಮಂಜು ಮೂಡಿ, ಆರಿ, ಮತ್ತೆ ಮೂಡುತ್ತಿತ್ತು.

ನಿನ್ನೆ ಕೊನೆಯ ಪಾಠ. ಕುರ್ಚಿಯತ್ತ ಬಾಗಿದವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದುಹೋಗಿ ಇನ್ನೊಂದು ಗ್ಲಾಸು ತಂದು ನನ್ನ ಪಕ್ಕದಲ್ಲಿಟ್ಟರು.

"ನಿನ್ನ ಹತ್ರ ವಯಸ್ಸಾದವರೊಬ್ರು ಕೂತಿದಾರಂತೆ. ಕುಡಿಯೋದಿಲ್ವಂತೆ. 'ದೊಡ್ಡವಳು ಬಂದ್ಲಾ, ದೊಡ್ಡವಳು ಬಂದ್ಲಾ' ಅಂತ ಕೇಳ್ತಾನೇ ಇದಾರಂತೆ."

ಅಮ್ಮನ ವಿಷಯ ಇಲ್ಲಿ ಯಾರ ಹತ್ತಿರವೂ ಆಡಿದವಳಲ್ಲ ನಾನು. ಆ ಗ್ಲಾಸಿನತ್ತ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಕೊನೆಯ ಮೂರು ದಿನ ಅಮ್ಮ ಕೇಳಿದ್ದು ಅದೊಂದೇ ಮಾತು. ನೀನು ಫೋನ್ ಮಾಡಿದಾಗಲೆಲ್ಲ "ಹುಷಾರಾಗ್ತಿದಾಳೆ, ನೀನು ಬರೋದು ಬೇಡ" ಎಂದು ಸುಳ್ಳು ಹೇಳಿದೆ. ಹನ್ನೊಂದು ವರ್ಷ ನೋಡಿಕೊಂಡವಳು ನಾನು, ಒಮ್ಮೆಯಾದರೂ ನನ್ನನ್ನು ಕರೆಯಲಿ ಎಂಬ ಹಟ. ಕರೆಯಲಿಲ್ಲ. ಕೊನೆಗೆ ನಿನ್ನ ದನಿ ಮಾಡಿಕೊಂಡು "ಬಂದೆ ಅಮ್ಮಾ" ಎಂದೆ. ನನ್ನ ಕೆನ್ನೆ ಸವರಿ ಕಣ್ಣು ಮುಚ್ಚಿದಳು. ನಂಬಿದಳೆಂದೇ ಇಷ್ಟು ದಿನ ಅಂದುಕೊಂಡಿದ್ದೆ.