ಪೊಟವಾಟಮಿಯವರ ಬುಟ್ಟಿ

ಟ್ರಾಯ್, ಮಿಷಿಗನ್
೮ ಸೆಪ್ಟೆಂಬರ್ ೨೦೨೪, ಭಾನುವಾರ

ನನ್ನ ಮುದ್ದು ತಂಗಿ ಚಿಕ್ಕತಾಯಿಗೆ, ಅಕ್ಕ ಸುವರ್ಣಮ್ಮನ ಆಶೀರ್ವಾದ.

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಇದನ್ನು ಕೇಳು: ಅಮೆರಿಕದಲ್ಲೂ ನಮ್ಮಂಥವರಿದ್ದಾರೆ ಕಣೇ! ಬುಟ್ಟಿ ಹೆಣೆಯುವವರು!

ನಮ್ಮ ಲತಾಶ್ರೀಯ ಆಫೀಸಿನ ಹುಡುಗಿಯೊಬ್ಬಳು ಪೊಟವಾಟಮಿ ಜನದವಳು. ಈ ಸೀಮೆಯ ಮೂಲನಿವಾಸಿಗಳು ಅವರು. ಬಹಳ ಹಿಂದೆ ಅವರಲ್ಲಿ ಅನೇಕರನ್ನು ಸರ್ಕಾರ ಪಶ್ಚಿಮಕ್ಕೆ ಅಟ್ಟಿತಂತೆ. ಈ ಹುಡುಗಿಯ ಹಿರಿಯರು ಹೇಗೋ ಇಲ್ಲೇ ಉಳಿದುಕೊಂಡರು. ಅವಳ ದೊಡ್ಡಮ್ಮ ಡಾರ್ಲೀನ್ ಬುಟ್ಟಿ ಕಲಿಸುತ್ತಾರೆ, ಬನ್ನಿ ಎಂದು ಕರೆದಳು. ಅಳಿಯ ಮಂಜೇಶನಿಗೆ ಡಿಯರ್‌ಬಾರ್ನಿನಲ್ಲಿ ಕೆಲಸವಿತ್ತು. ಲತಾಳ ಸ್ನೇಹಿತರಾದ ಶ್ರೀಧರ, ಅವನ ಹೆಂಡತಿ, ಇವರ ಕಾರಿನಲ್ಲಿ ನಿನ್ನೆ ಷಿಕಾಗೋ ಹೆದ್ದಾರಿ ಹಿಡಿದು ಹೊರಟೆವು. ಹತ್ತುವ ಮೊದಲೇ ಲತಾ ನನ್ನ ಕಿವಿಯಲ್ಲಿ, "ಅಮ್ಮ, ಸುಮ್ನೆ ನೋಡು. ಏನೂ ಹೇಳ್ಬೇಡ" ಅಂದಳು. ಇಲ್ಲಿನ ಕನ್ನಡದವರಿಗೆಲ್ಲ ಅವಳು, ಅಪ್ಪ ಮರದ ವ್ಯಾಪಾರಿ ಎಂದಿದ್ದಾಳೆ. ನಾನೂ ಹೂಂಗುಟ್ಟಿಕೊಂಡೇ ಬಂದಿದ್ದೆ.

ಅಲ್ಲಿ ಚಪ್ಪರದ ಕೆಳಗೆ ಆ್ಯಶ್ ಎಂಬ ಮರದ ದಿಮ್ಮಿಯನ್ನು ಬಡಿಯುತ್ತಿದ್ದರು. ಬಡಿದ ಹಾಗೆಲ್ಲ ಮರ ಪದರಪದರವಾಗಿ ಎದ್ದು ಬರುತ್ತದೆ! ಹುಳು ಬಿದ್ದು ಆ ಜಾತಿಯ ಮರಗಳೇ ಸಾಯುತ್ತಿವೆಯಂತೆ. ಮರ ಹೋದರೂ ಕೈ ಮರೆಯಬಾರದೆಂದು ಡಾರ್ಲೀನಮ್ಮ ಎಲ್ಲರಿಗೂ ಕಲಿಸುತ್ತಾರೆ, ಬೀಜವನ್ನೂ ಕೂಡಿಟ್ಟಿದ್ದಾರೆ.

ನನ್ನ ಕೈ ಸುಮ್ಮನಿರಬೇಕಲ್ಲ! ಒಂದು ಪಟ್ಟಿ ತೆಗೆದುಕೊಂಡು ಬಿದಿರು ಎಂದುಕೊಂಡೇ ಎಳೆದೆ. ಪಟ್ಟನೆ ಮುರಿಯಿತು. ಡಾರ್ಲೀನಮ್ಮ ಹೊಟ್ಟೆ ತುಂಬ ನಕ್ಕರು. ಇನ್ನೊಂದನ್ನು ನೀರಿನಲ್ಲಿ ಅದ್ದಿ, ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ನಿಧಾನವಾಗಿ ಪದರ ಬಿಡಿಸಿದರು. ಆಮೇಲೆ ನಾನು ತಳ ಹಾಕಿ ಸುತ್ತು ಏರಿಸಿದೆ ನೋಡು, ಅವರ ನಗು ನಿಂತಿತು. ನನ್ನ ಅಂಗೈ ತಿರುಗಿಸಿ ಹಳೆಯ ಗಾಯದ ಗೆರೆಗಳನ್ನು ನೋಡುತ್ತಾ ಏನೋ ಕೇಳಿದರು.

"ಏನಂತೆ?" ಎಂದು ಲತಾಳನ್ನು ಕೇಳಿದೆ.

"ಯಾರು ಕಲಿಸಿದ್ದು ಅಂತ ಕೇಳ್ತಿದಾರಮ್ಮ."

ಶ್ರೀಧರ ಪಕ್ಕದಲ್ಲೇ ಇದ್ದ. ಲತಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಡಾರ್ಲೀನಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿ, ಶ್ರೀಧರನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದಳು: "ನಾವು ಮೇದರು. ಅಮ್ಮಂಗೆ ನಮ್ಮಜ್ಜಿ ಕಲಿಸಿದ್ದು. ನಾನೂ ಕೊಳ್ಳೇಗಾಲದ ಸಂತೇಲಿ ಬುಟ್ಟಿ ಮಾರಿದೀನಿ."

ಶ್ರೀಧರ ಫೋನ್ ನೋಡಿಕೊಂಡು ಆಚೆ ಹೋದ. ಹೋಗಲಿ ಬಿಡು. ಅವನ ಹೆಂಡತಿ ಮಾತ್ರ ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, "ಆಂಟಿ, ನಂಗೂ ತೋರ್ಸಿ" ಎಂದಳು!

ಸಂಜೆ ದೊಡ್ಡ ನಗಾರಿಯ ಸುತ್ತ ಕೂತು ಹಾಡಿದರು. ತಗಡಿನ ಪುಟ್ಟ ಕೊಳವೆಗಳನ್ನು ಹೊಲಿದ ಉಡುಪು ತೊಟ್ಟು ಹೆಣ್ಣುಮಕ್ಕಳು ಕುಣಿದರೆ ಜಲಜಲ ಸದ್ದು! ಎಲ್ಲರೂ ಬನ್ನಿ ಎಂದಾಗ ಡಾರ್ಲೀನಮ್ಮ ನನ್ನನ್ನೂ ಎಳೆದುಕೊಂಡರು. ಮಂಡಿನೋವು ಎಲ್ಲಿ ಅಡಗಿತ್ತೋ! ಅವರ ಮಾತಿನಲ್ಲಿ ಧನ್ಯವಾದಕ್ಕೆ 'ಮಿಗ್ವೆಚ್' ಅನ್ನಬೇಕು. ಎಷ್ಟು ಸಲ ಅಂದೆನೋ ನನಗೇ ಗೊತ್ತಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಲತಾ ನನ್ನ ಕೈ ಬಿಡಲೇ ಇಲ್ಲ.

ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಕೆಮ್ಮು ಹೇಗಿದೆ, ಬರೆ.

ನಿನ್ನ ಅಕ್ಕ,
ಮೇದರ ಸುವರ್ಣಮ್ಮ

ತಾ.ಕ.: ಇನ್ನು ನನಗೇಕೆ ಎಂದು ನನ್ನ ಬಿದಿರು ಸೀಳುವ ಕತ್ತಿಯನ್ನು ನಿನ್ನ ಬಳಿ ಬಿಟ್ಟು ಬಂದೆನಲ್ಲ, ಅದನ್ನು ಯಾರಿಗೂ ಕೊಡಬೇಡ. ಲತಾ ತನಗೆ ಬೇಕೆಂದು ಕೇಳುತ್ತಿದ್ದಾಳೆ.