ಹಗುರ ಕೆಲಸ

ಬಳ್ಳಾರಿ
೪-೧೨-೧೯೮೨

ಪ್ರೀತಿಯ ಮಗಳು ಶಿವಬಸಮ್ಮಳಿಗೆ ನಿನ್ನ ತಾಯಿಯ ಆಶೀರ್ವಾದಗಳು.

ದೀಪಾವಳಿಗೂ ಮುಂಚೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ. ಕಾಲೇಜಿನ ಕೆಲಸವೆಂದು ನೆಪ ಹೇಳಬಹುದಿತ್ತು. ನಿಜವೆಂದರೆ ಬರೆಯಲು ಕೈಯೇ ಏಳಲಿಲ್ಲ. ನಿನ್ನ ಅಪ್ಪ ಆರಾಮ ಇದ್ದಾರೆ. ಕೋರ್ಟು ಮುಗಿಸಿ ಬಂದವರೇ ನಿನ್ನ ಕಾಗದ ಬಂತೇ ಎಂದು ಕೇಳುತ್ತಾರೆ.

ಎಂ.ಎ.ಗೆ ಅರ್ಥಶಾಸ್ತ್ರ ತೆಗೆದುಕೊಳ್ಳಲೇ ಎಂದು ಕೇಳಿದ್ದೀಯೆ. ನಾನು ಸರ್ಕಾರದ ಕೂಲಿ ಸಮಿತಿ ಬಿಟ್ಟದ್ದು ಏಕೆಂದೂ ಕೇಳಿದ್ದೀಯೆ. ಎರಡನೆಯದನ್ನು ಮೊದಲು ಹೇಳುತ್ತೇನೆ.

ಧಾರವಾಡದಲ್ಲಿ ಓದು ಮುಗಿಸಿ ಇಲ್ಲಿ ಪಾಠ ಮಾಡಲು ಸೇರಿದಾಗ ನೀನಿನ್ನೂ ಹುಟ್ಟಿರಲಿಲ್ಲ. ಆಮೇಲೆ ಸಿರುಗುಪ್ಪದ ಕಡೆ ಭತ್ತದ ಗದ್ದೆಗಳಲ್ಲಿ ದುಡಿಯುವ ಹೆಂಗಸರ ಕೂಲಿಯ ಬಗ್ಗೆ ವರ್ಷಗಟ್ಟಲೆ ತಿರುಗಿ ಪ್ರಬಂಧ ಬರೆದೆ. ಅದನ್ನು ನೋಡಿಯೇ ಸರ್ಕಾರ ನನ್ನನ್ನು ಸಮಿತಿಗೆ ಕರೆಯಿತು. ಕುರುಗೋಡಿನಲ್ಲಿ ನನ್ನ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬ ಕಾನೂನು ಆಗಲೇ ಇತ್ತು. ಅದನ್ನು ಗದ್ದೆಗೆ ಮುಟ್ಟಿಸಿದರೆ ಸಾಕು ಎಂದುಕೊಂಡಿದ್ದೆ.

ಸಿರುಗುಪ್ಪದ ಪ್ರವಾಸಿ ಮಂದಿರದಲ್ಲಿ ಸಮಿತಿಯ ವಿಚಾರಣೆ ನಡೆಯಿತು. ನನ್ನ ತವರು ದೇಶನೂರಿನ ಗದ್ದೆ ಮಾಲೀಕರ ಪರವಾಗಿ ಬಂದವನು ನನ್ನ ಅಣ್ಣ, ನಿನ್ನ ಸೋದರಮಾವ ಮರಿಬಸಪ್ಪ. ಕೂಲಿಯವರ ಪರವಾಗಿ ಬಂದವಳು ಅವನದೇ ಗದ್ದೆಯಲ್ಲಿ ನಾಟಿ ಹಚ್ಚುವ ಈರಮ್ಮ. ಗಂಡಾಳಿಗೆ ಕೊಡುವುದರಲ್ಲಿ ಅರ್ಧ ಮಾತ್ರ ತಮಗೆ ಕೊಡುತ್ತಾರೆ ಎಂದು ಆಕೆ ನೆಲ ನೋಡುತ್ತ ಹೇಳಿದಳು. ಅಣ್ಣ ಅಲ್ಲಗಳೆಯಲಿಲ್ಲ.

"ನಾಟಿ ಹಗುರ ಕೆಲಸ ಐತ್ರಿ. ಹಗುರ ಕೆಲಸಕ್ಕ ಹಗುರ ಕೂಲಿ," ಎಂದ.

"ಹಗುರ ಇದ್ರ ಗಂಡಸರು ಯಾಕ ನಾಟಿಗೆ ಇಳಿಯಂಗಿಲ್ರಿ?" ಎಂದು ನಾನು ಕೇಳಿದೆ.

"ಅದು ನಿಮ್ಮ ಪುಸ್ತಕದಾಗ ಇರಬೇಕು ನೋಡ್ರಿ, ಮೇಡಂ."

ಎಲ್ಲರೂ ನಕ್ಕರು. ಹೆಗಲ ಮೇಲೆ ಕೂರಿಸಿಕೊಂಡು ನನ್ನನ್ನು ಶಾಲೆಗೆ ಬಿಟ್ಟುಬರುತ್ತಿದ್ದವನು ಅವನು.

ವರದಿ ಬರೆಯುವಾಗ ಅಧ್ಯಕ್ಷರು ಸಮಾನ ಕೂಲಿಗೆ ಒಪ್ಪಿದರು. ಆದರೆ ಕೆಲಸವನ್ನೇ ಭಾರ, ಹಗುರ ಎಂದು ಎರಡು ಮಾಡಿ, ನಾಟಿ, ಕಳೆ ಎಂದು ಹೆಂಗಸರು ಮಾಡುವುದನ್ನೆಲ್ಲ ಹಗುರಕ್ಕೆ ಸೇರಿಸಿದರು. ನಾನು ವಿರೋಧ ಬರೆದುಕೊಟ್ಟೆ. ಅಚ್ಚಾಗಿ ಬಂದ ವರದಿಯಲ್ಲಿ ಅದು ಇರಲಿಲ್ಲ. ಒಪ್ಪಿದ ಸದಸ್ಯರ ಸಾಲಿನಲ್ಲಿ ನನ್ನ ಹೆಸರಿತ್ತು. ರಾಜೀನಾಮೆ ಕೊಟ್ಟು ಪತ್ರಿಕೆಗೆ ಬರೆದೆ. ಅಣ್ಣ ಆಡಿದ ಮಾತನ್ನು ಅವನ ಹೆಸರಿನ ಸಮೇತ ಬರೆದೆ.

ಮುಂಗಾರಿನ ನಾಟಿಯ ಹೊತ್ತಿಗೆ, ಆ ವರದಿಯಂತೆಯೇ ಹಗುರ ಕೆಲಸಕ್ಕೆ ಕಡಿಮೆ ಕೂಲಿ ಎಂದು ಸರ್ಕಾರದ ಆದೇಶ ಬಂತು. ಅಲ್ಲಿಯವರೆಗೆ ಜಗಳಾಡಿಯಾದರೂ ಒಂದಿಷ್ಟು ಹೆಚ್ಚಿಗೆ ಕೇಳುತ್ತಿದ್ದ ಹೆಂಗಸರಿಗೆ ಮಾಲೀಕರು ಆ ಆದೇಶವನ್ನೇ ತೋರಿಸಿದರು. ಈರಮ್ಮನ ಕೇರಿಯವರು ಗದ್ದೆಗೆ ಇಳಿಯಲಿಲ್ಲ. ಆಂಧ್ರದ ಕಡೆಯಿಂದ ಲಾರಿಯಲ್ಲಿ ಆಳುಗಳು ಬಂದರು. ಹಸಿವು ತಡೆಯದೆ ಕೇರಿಯವರೂ ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು. ಈರಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ.

ಸುದ್ದಿ ತಿಳಿದು ನಾನು ದೇಶನೂರಿಗೆ ಹೋದೆ. ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ಪೇಪರಿನ್ಯಾಗ ಮನಿ ಮರ್ಯಾದಿ ಕಳದಿ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ."

"ಉಂಡರ ಹೋಗ್ಲಿ ಬಿಡಪ್ಪಾ ಅಕಿ," ಎಂದು ಅವ್ವ ಒಳಗಿನಿಂದ ಅಂದದ್ದು ಕೇಳಿಸಿತು. ಅಣ್ಣ ಬಾಗಿಲು ಹಾಕಿಕೊಂಡ.

ಅಲ್ಲಿಂದ ಈರಮ್ಮನ ಮನೆಗೆ ಹೋದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಆಕೆ ಚಾಪೆ ಹಾಸಿ ಕೂರಿಸಿದಳು. ಇನ್ನು ಯಾವ ಸಮಿತಿ ಬಂದರೂ ತನ್ನನ್ನು ಕರೆಯಬೇಡಿ ಎಂದಷ್ಟೇ ಕೇಳಿಕೊಂಡಳು.

ಅರ್ಥಶಾಸ್ತ್ರ ಬೇಡ ಎಂದು ನಾನು ಹೇಳಲಾರೆ. ಓದು. ಆದರೆ ನಾವು ಬರೆದದ್ದು ಯಾರ ಕೈಗೆ ಹೋಗುತ್ತದೆ, ಅಲ್ಲಿಂದ ಏನಾಗಿ ಹೊರಬರುತ್ತದೆ ಎಂಬುದನ್ನು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಅದನ್ನು ಹೇಗೆ ಹೇಳುವುದೋ ತಿಳಿಯದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ಇಂತಿ ನಿನ್ನ ತಾಯಿ,
ಗುರುಬಸಮ್ಮ

ತಾ.ಕ.: ಮೇಲೆ ಬರೆಯಲಾಗಲಿಲ್ಲ ಮಗಳೇ. ನಿನ್ನ ದೇಶನೂರಿನ ಅಜ್ಜಿ ಹೋಗಿಬಿಟ್ಟಳು. ಅಣ್ಣ ನನಗೆ ಹೇಳಿಕಳಿಸಲಿಲ್ಲ. ಮಣ್ಣು ಮಾಡಿದ ಮರುದಿನ ಈರಮ್ಮ ಬಸ್ಸು ಹತ್ತಿ ಬಂದು ತಿಳಿಸಿದಳು. ದೂರ ನಿಂತು ಎಲ್ಲ ನೋಡಿದ್ದಳಂತೆ. ಮಣ್ಣು ಮಾಡಿದ ದಿನ ನಾನು ಇಲ್ಲಿ ಮನೆಯಲ್ಲೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಗಳು ಎಲ್ಲಿ ಎಂದು ಊರವರು ಕೇಳಿದ್ದಕ್ಕೆ ನಿನ್ನ ಮಾವ, "ಅಕಿಗೆ ಬೆಂಗಳೂರಾಗ ಮೀಟಿಂಗ್ ಐತಂತ, ಬರಾಕ ಆಗಂಗಿಲ್ಲಂದ್ಲು," ಎಂದನಂತೆ. ಊರೆಲ್ಲ ನಂಬಿತಂತೆ.