ಗಾಲಿಯಡಿಯ ನಿಂಬೆಹಣ್ಣು

ಕೆಂಗೇರಿ
೯ ಜನವರಿ ೧೯೫೭

ಗಿರಣಿಯ ಯಜಮಾನರಾದ ಮುದ್ದುಬೈರಪ್ಪನವರಿಗೆ,

ಡೀಸೆಲ್ ಎಂಜಿನ್ ಚಳಿಯಲ್ಲಿ ಏಕೆ ಸ್ಟಾರ್ಟ್ ಆಗುತ್ತಿಲ್ಲವೆಂದು ಕೇಳಿದ್ದಿರಿ. ಪಿಸ್ಟನ್ನಿನ ರಿಂಗುಗಳು ಸವೆದಿವೆ. ಒಳಗಿನ ಗಾಳಿ ಸೋರಿಹೋಗಿ, ಡೀಸೆಲ್ ಹೊತ್ತಿಕೊಳ್ಳುವಷ್ಟು ಬಿಸಿ ಹುಟ್ಟುತ್ತಿಲ್ಲ. ದಯವಿಟ್ಟು ಹೊಸ ರಿಂಗು ತರಿಸಿ.

ನೀವು ಕಂಡುಕೊಂಡ ಕಾರಣ ಬೇರೆ ಇತ್ತು. "ಬೆಳಿಗ್ಗೆದ್ದು ಆ ಮುಂಡೆ ಮೊಕ ನೋಡುದ್ರೆ ಎಲ್ಲಿಂದ ಸ್ಟಾರ್ಟ್ ಆಯ್ತದೆ? ಬರಬ್ಯಾಡ ಅನ್ನು" ಎಂದಿರಿ. ಗಿರಣಿ ಗುಡಿಸುವ ಮುನಿತಾಯಮ್ಮನವರಿಗೆ ಅದನ್ನು ನನ್ನ ಬಾಯಿಂದಲೇ ಹೇಳಿಸಿದಿರಿ. ಅವರು ಪೊರಕೆಯನ್ನು ಮೂಲೆಗಿಟ್ಟು, "ನನ್ನಿಂದ ಗಿರಣಿ ನಿಲ್ಲೋದು ಬ್ಯಾಡ ಬಿಡಪ್ಪ" ಎಂದು ಹೊರಟುಹೋದರು. ಊಟದ ಬಿಡುವಿನ ನಂತರ, ಅವರು ಎದುರಿಗಿದ್ದಾಗಲೇ, ಬಿಸಿ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದ್ದುದು ನನಗೆ ಗೊತ್ತಿತ್ತು. ಹೇಳಲಿಲ್ಲ. ನನ್ನ ಬಾಯಿಯ ಬಗ್ಗೆ ನನಗೇ ಹೇಸಿಗೆಯಾಗಿದೆ.

ಅವರಿಲ್ಲದ ಐದು ಬೆಳಗೂ ಎಂಜಿನ್ ಸತಾಯಿಸಿತು. ಅದರ ಗಾಲಿಯಡಿ ದೃಷ್ಟಿಗೆಂದು ನೀವಿಟ್ಟ ನಿಂಬೆಹಣ್ಣುಗಳು ಕೊಳೆತು ನಾರುತ್ತಿವೆ.

ಇಂದು ಬೆಳಿಗ್ಗೆ ಅವರನ್ನು ನಾನೇ ಕರೆತಂದೆ. ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟೆ. ಅದು ಸಂದು ಮುಚ್ಚಿ ಗಾಳಿಯನ್ನು ತಡೆಯಿತು. ಹ್ಯಾಂಡಲ್ ನಾನು ತಿರುಗಿಸಿದೆ, ಗಾಲಿ ವೇಗ ಹಿಡಿದಾಗ ಒಳಗಿನ ಗಾಳಿಯನ್ನು ಬಂಧಿಸುವ ಲಿವರನ್ನು ಅವರು ಒತ್ತಿದರು. ಮೊದಲ ಏಟಿಗೇ ಸ್ಟಾರ್ಟ್ ಆಯಿತು.

ರಿಂಗು ಬರುವವರೆಗೂ, ಬಂದ ಮೇಲೂ, ಲಿವರ್ ಒತ್ತುವವರು ಅವರೇ. ಹ್ಯಾಂಡಲನ್ನು ನಿಂಬೆಹಣ್ಣುಗಳ ಪಕ್ಕದಲ್ಲೇ ಇಟ್ಟಿದ್ದೇನೆ. ತಮಗೆ ಒಪ್ಪಿಗೆಯಿಲ್ಲದಿದ್ದರೆ ತಾವೇ ಬಂದು ತಿರುಗಿಸಬಹುದು.

ಇಂತಿ,
ಸೋಮಲಿಂಗಪ್ಪ
ಗಿರಣಿಯ ಮೆಕ್ಯಾನಿಕ್